ವಾಸದ ಮನೆಯ ಮೇಲೆ ಸೌರಫಲಕ: ವೆಚ್ಚ ಮತ್ತು ಉಳಿತಾಯದ ವಿಚಾರ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಗ್ರಾಮಮುಖಂಡರೂ ಜಮೀನುದಾರರೂ ತಮ್ಮ ಮನೆಯ ವಿದ್ಯುತ್ತಿನ ವೆಚ್ಚವನ್ನು ಸೌರಫಲಕಗಳಿಂದ ಎಷ್ಟರಮಟ್ಟಿಗೆ ತಗ್ಗಿಸಿಕೊಳ್ಳಬಹುದೆಂಬುದನ್ನು ಇಲ್ಲಿ ವಿಚಾರಮಾಡಲಾಗುವುದು. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ಸರಕಾರದವರು ಉಚಿತವಾಗಿ ವಿದ್ಯುತ್ತನ್ನು ಒದಗಿಸುತ್ತಿರುವುದರಿಂದ ಅವುಗಳನ್ನು ಈ ಲೆಕ್ಕಕ್ಕೆ ಸೇರಿಸತಕ್ಕದ್ದಲ್ಲ. ಮುಂದೆ ಹೇಳುವುದೆಲ್ಲವೂ ವಾಸದ ಮನೆಗೆ ಮಾತ್ರ ಸಂಬಂಧಪಟ್ಟುದು.

ಫಲಕಗಳನ್ನು ಕೊಳ್ಳುವುದಕ್ಕೆ ಮೊದಲು ಕಳೆದ 12 ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ನೋಡಬೇಕು. 2023ನೆಯ ಇಸವಿ ಜುಲೈ 1ರಿಂದ ಗೃಹಜ್ಯೋತಿ ಯೋಜನೆಯು ಆಚರಣೆಗೆ ಬಂದಿರುವುದಷ್ಟೆ. ಇದರಂತೆ 200 ಯೂನಿಟ್ಟುಗಳ ಮಿತಿಯೊಳಗೆ, ಆಯಾ ಮನೆಗೆ ಗೊತ್ತುಮಾಡಿದ ಪ್ರಮಾಣದವರೆಗೆ ಹಣವನ್ನು ತೆರಬೇಕಾಗಿಲ್ಲ. ತಿಂಗಳಿಗೆ 70 ಅಥವಾ 80 ಯೂನಿಟ್ಟುಗಳನ್ನು ಮಾತ್ರ ಬಳಸುವವರು ಸಾಲಮಾಡಿ ಫಲಕಗಳನ್ನು ಹಾಕಿಸಿದಲ್ಲಿ, ಇಲ್ಲದ ಖರ್ಚನ್ನು ಉಳಿಸುವುದಕ್ಕಾಗಿ ಖರ್ಚುಮಾಡಿದಂತಾಗುವುದು. ಊರಿಗೆ ಬರುವ ಮಾರಾಟದವರು ಈ ಮಾತನ್ನು ಹೇಳುವುದು ಅಪರೂಪ. ಆದ್ದರಿಂದ ನೆರೆಹೊರೆಯವರು ಆಲೋಚನೆ ಕೇಳಲು ಬಂದಾಗ ಮುಖಂಡರು ಮೊದಲು ಅವರ ಬಿಲ್ಲನ್ನು ತರಿಸಿ ನೋಡುವುದು ಒಳ್ಳೆಯದು.

ಬಳಕೆಯು 200 ಯೂನಿಟ್ಟುಗಳನ್ನು ಮೀರಿದ ತಿಂಗಳಲ್ಲಾದರೋ, ಪೂರ್ತಿ ಬಳಕೆಗೂ ಹಣ ಕೊಡಬೇಕಾಗುತ್ತದೆ. ಫ್ರಿಜ್ಜು, ಗೀಸರು, ಮನೆಯ ಬೋರಿನ ಮೋಟಾರು ಇವೆಲ್ಲ ಇರುವ ದೊಡ್ಡ ಕುಟುಂಬಗಳು ಈ ವರ್ಗಕ್ಕೆ ಸೇರುವುವು. ಗೀಸರೊಂದರಿಂದಲೇ ಬಿಲ್ಲು ಏರುತ್ತಿದ್ದರೆ, ಅಂತಹವರು ಕಡಮೆ ಬೆಲೆಯ ಸೌರ ನೀರುಕಾಯಿಸುವ ಯಂತ್ರವನ್ನು ಮೊದಲು ಹಾಕಿಸಿ ನೋಡಬಹುದು. ಅಡಿಕೆಸಿಪ್ಪೆಯ ಉರಿಯಲ್ಲಿ ಹಂಡೆಯ ನೀರನ್ನು ಕಾಯಿಸುವ ಚನ್ನಗಿರಿಯ ಕಡೆಯ ಮನೆಗಳಿಗೆ ಈ ಚಿಂತೆಯೇ ಇಲ್ಲ.

ತಿಂಗಳಿಗೆ 300 ಯೂನಿಟ್ಟು ಬಳಸುವ ಮನೆಯೊಂದನ್ನು ನಿದರ್ಶನಕ್ಕಾಗಿ ತೆಗೆದುಕೊಳ್ಳೋಣ. ಒಂದು ಕಿಲೋವ್ಯಾಟಿನ ಫಲಕಗಳಿಂದ ದಿನಕ್ಕೆ ಸರಾಸರಿ 4 ಯೂನಿಟ್ಟು ದೊರೆಯುವುದೆಂದು ಹಿಡಿದರೆ, 3 ಕಿಲೋವ್ಯಾಟಿನಿಂದ ತಿಂಗಳಿಗೆ ಸುಮಾರು 360 ಯೂನಿಟ್ಟು ಬರುವುದು. ಬೆಲೆಯು 1,80,000 ರೂಪಾಯಿ ಎಂದಿಟ್ಟುಕೊಳ್ಳಿ. 2024ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಕೇಂದ್ರ ಸರಕಾರದ ಸಹಾಯಧನವು 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಅಥವಾ ಅದಕ್ಕೆ ಮೇಲ್ಪಟ್ಟುದಕ್ಕೆ 78,000 ರೂಪಾಯಿಗಳು. ಇದನ್ನು ಕಳೆದರೆ ಕೈಯಿಂದ ಹಾಕಬೇಕಾದುದು 1,02,000. ಯೂನಿಟ್ಟಿಗೆ ಸುಮಾರು 6 ರೂಪಾಯಿನಂತೆ ವರ್ಷಕ್ಕೆ 21,600 ರೂಪಾಯಿ ಉಳಿಯುವುದರಿಂದ, ಬಂಡವಾಳವು ಐದು ವರ್ಷದೊಳಗೆ ಹಿಂದಿರುಗುವುದು. ಸಾಲ ಮಾಡಿದವರು ಬಡ್ಡಿಯನ್ನೂ ಸೇರಿಸಿ ಎಣಿಸತಕ್ಕದ್ದು. ಫಲಕಗಳು 25 ವರ್ಷ ಬಾಳಿದರೂ ಇನ್ವರ್ಟರನ್ನು ನಡುವೆ ಒಮ್ಮೆಯಾದರೂ ಬದಲಾಯಿಸಬೇಕಾಗಬಹುದು. ನಿಗದಿತ ಶುಲ್ಕವು ಹೇಗೂ ತಪ್ಪದು. ಮಿಕ್ಕ ವಿದ್ಯುತ್ತನ್ನು ಬೆಸ್ಕಾಂನವರಿಗೆ ಕೊಟ್ಟರೆ ಸಿಕ್ಕುವ ದರವು ನಾವು ಕೊಳ್ಳುವ ದರಕ್ಕಿಂತ ಕಡಮೆಯಾದುದರಿಂದ, ಬಳಕೆಯನ್ನು ಮೀರಿ ಫಲಕಗಳನ್ನು ಹಾಕಿಸುವುದರಲ್ಲಿ ಲಾಭವಿಲ್ಲ.

ಸಹಾಯಧನವು ಕೆಲಸ ಮುಗಿದು ತನಿಖೆಯಾದ ಮೇಲೆ ಅರ್ಜಿದಾರರ ಬ್ಯಾಂಕುಖಾತೆಗೇ ಜಮೆಯಾಗುವುದು. ಅದನ್ನು ಕೊಡಿಸುವೆವೆಂದು ಮುಂಗಡ ಕೇಳುವ ದಳ್ಳಾಳಿಗಳಿಗೆ ಹಣ ಕೊಡಕೂಡದು.

ಇನ್ನು ಸ್ಥಳದ ವಿಚಾರ. ಕಿಲೋವ್ಯಾಟೊಂದಕ್ಕೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು. ಈ ಸೀಮೆಯು 14 ಮತ್ತು 15 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇರುವುದರಿಂದ, ಫಲಕಗಳನ್ನು ತೆಂಕಣ ದಿಕ್ಕಿಗೆ ಅಷ್ಟೇ ಡಿಗ್ರಿ ಓರೆಯಾಗಿ ನಿಲ್ಲಿಸತಕ್ಕದ್ದು. ಭದ್ರಾ ನಾಲೆಯ ಅಡಿಕೆ ತೋಟಗಳೊಳಗಿನ ಮನೆಗಳಲ್ಲಿ ಮರದ ನೆರಳೇ ದೊಡ್ಡ ತೊಡಕು. ಒಂದು ಫಲಕದ ಮೂಲೆಗೆ ನೆರಳು ಬಿದ್ದರೂ ಸಾಲಿನ ಉತ್ಪತ್ತಿಯೇ ಕುಗ್ಗಬಹುದು. ಅಡಿಕೆಯನ್ನು ತಾರಸಿಯ ಮೇಲೆ ಒಣಗಿಸುವವರು ಆ ಜಾಗವನ್ನೂ ಲೆಕ್ಕದಲ್ಲಿಟ್ಟುಕೊಳ್ಳಬೇಕು. ಜಗಳೂರಿನ ಬಯಲಿನಲ್ಲಿ ಬಿಸಿಲಿಗೆ ಬಡತನವಿಲ್ಲ, ಧೂಳಿಗೂ ಇಲ್ಲ. ಬೇಸಗೆಯಲ್ಲಿ ಆಗಾಗ್ಗೆ ಮುಂಜಾನೆ, ಗಾಜು ಕಾಯುವುದಕ್ಕೆ ಮೊದಲೇ, ನೀರಿನಿಂದ ತೊಳೆಯುವುದು ಅವಶ್ಯ. ಮಣ್ಣಿನ ಮಾಳಿಗೆಯ ಹಳೆಯ ಮನೆಗಳ ಮೇಲೆ ಭಾರ ಹೇರುವ ಮುನ್ನ ತೊಲೆಗಳನ್ನು ಪರೀಕ್ಷಿಸಬೇಕು. ಹೊನ್ನಾಳಿ, ನ್ಯಾಮತಿಗಳಲ್ಲಿ ಮುಂಗಾರಿನ ಮೋಡದ ತಿಂಗಳುಗಳಲ್ಲಿ ಉತ್ಪತ್ತಿಯು ಇಳಿಯುವುದು ಸಹಜ. ವರ್ಷದ ಸರಾಸರಿಯನ್ನೇ ನೋಡತಕ್ಕದ್ದು.

ಕರೆಂಟು ಹೋದಾಗಲೂ ಮನೆ ಬೆಳಗುವುದೆಂದು ಹಲವರು ನಂಬಿರುತ್ತಾರೆ. ಹಾಗಲ್ಲ. ತಂತಿಯ ಮೇಲೆ ಕೆಲಸಮಾಡುವ ಲೈನ್‌ಮನ್ನುಗಳಿಗೆ ಅಪಾಯವಾಗದಂತೆ, ಬೆಸ್ಕಾಂ ತಂತಿಗೆ ಜೋಡಿಸಿದ ಇನ್ವರ್ಟರು ಕರೆಂಟು ಹೋದೊಡನೆ ತಾನೂ ನಿಂತುಬಿಡುವುದು. ಆ ಹೊತ್ತಿಗೂ ಬೆಳಕು ಬೇಕೆನ್ನುವವರು ಬ್ಯಾಟರಿಯನ್ನೂ ಅದಕ್ಕೆ ತಕ್ಕ ಇನ್ವರ್ಟರನ್ನೂ ಕೊಂಡು, ಅವುಗಳ ಬೆಲೆಯನ್ನು ಮೇಲೆ ಕಾಣಿಸಿದ ಬಂಡವಾಳಕ್ಕೆ ಸೇರಿಸಿಕೊಳ್ಳತಕ್ಕದ್ದು.