ಒಂದೇ ಹಾರ್ಡ್ ಡಿಸ್ಕಿನಲ್ಲಿ ಎರಡು ಲಿನಕ್ಸ್: ಗ್ರಂಥಸಂಪಾದಕರ ಅಗತ್ಯ ಮತ್ತು ಅಳವಡಿಕೆ

ಹಳಗನ್ನಡ ಕೃತಿಗಳನ್ನು ಗಣಕಯಂತ್ರದಲ್ಲಿ ಸಂಪಾದಿಸುವವರಿಗೆ ಪಾಠಾಂತರಗಳು ಹಸ್ತಪ್ರತಿಗಳಿಂದ ಮಾತ್ರ ಒದಗುವುದಿಲ್ಲ. ಕೆಲವೊಮ್ಮೆ ಯಂತ್ರವೇ ಅವನ್ನು ಹುಟ್ಟಿಸುತ್ತದೆ. ನಕಾರಪೊಲ್ಲನ್ನೇ ನೋಡಬಹುದು. ಸ್ವರರಹಿತ ನಕಾರವನ್ನು ಸೂಚಿಸುವ ಈ ಪ್ರಾಚೀನ ಲಿಪಿರೂಪಕ್ಕೆ ಯೂನಿಕೋಡಿನಲ್ಲಿ ಪ್ರತ್ಯೇಕ ಸಂಕೇತ ದೊರೆತದ್ದು 2021ರ ಸೆಪ್ಟೆಂಬರಿನಲ್ಲಿ, ಅದರ 14ನೆಯ ಆವೃತ್ತಿಯಲ್ಲಿ. ಲಿನಕ್ಸಿನ ಒಂದು ಪ್ರಮುಖ ರೂಪವಾದ ಡೆಬಿಯನ್ನಿನ 11ನೆಯ ಆವೃತ್ತಿ ಬಿಡುಗಡೆಯಾದದ್ದು ಅದಕ್ಕೆ ಒಂದು ತಿಂಗಳು ಮೊದಲು. ಹೀಗಾಗಿ ಆ ಸಂಕೇತವನ್ನರಿಯದ ಹಳೆಯ ಫಾಂಟುಗಳಲ್ಲಿ ಅಕ್ಷರದ ಸ್ಥಾನದಲ್ಲಿ ಬರಿಯ ಚೌಕ ಕಾಣಿಸುತ್ತದೆ. ಅದನ್ನು ತ್ರುಟಿತ ಪಾಠವೆಂದು ಬಗೆದು ಯಾರಾದರೂ 'ತಿದ್ದಿ' ಉಳಿಸಿದರೆ ಮೂಲಪಾಠವೇ ಕಳೆದುಹೋಗುತ್ತದೆ.

ಹಳೆಯ ಯಂತ್ರಕ್ಕೆ ಹೊಸ ಫಾಂಟನ್ನು ಹಾಕಿಕೊಂಡರೆ ಸಾಲದೇ ಎಂಬ ಪ್ರಶ್ನೆ ಸಹಜ. ಓದುವವನಿಗೆ ಅದು ಸಾಕು. ಸಂಪಾದಕನಾದರೋ ತನ್ನ ಪಠ್ಯವು ಪರರ ಯಂತ್ರಗಳಲ್ಲಿ ಹೇಗೆ ಕಾಣುತ್ತದೆಂಬುದನ್ನೂ ತಿಳಿಯಬೇಕಾಗುತ್ತದೆ. ಒಂದೇ ಗಣಕಯಂತ್ರದಲ್ಲಿ ಹಳೆಯ, ಹೊಸ ವ್ಯವಸ್ಥೆಗಳೆರಡನ್ನೂ ಇರಿಸಿಕೊಂಡು, ಆರಂಭದಲ್ಲಿ ಬೇಕಾದುದನ್ನು ಆರಿಸಿಕೊಳ್ಳುವುದು ಇದಕ್ಕೆ ಒಂದು ಮಾರ್ಗ. ಒಂದರೊಳಗೆ ಇನ್ನೊಂದನ್ನು ನಡೆಸುವ ವರ್ಚುವಲ್ ಯಂತ್ರದ ಕ್ರಮವೂ ಉಂಟು. ನಮ್ಮ ಎಷ್ಟೋ ವಿಭಾಗಗಳಲ್ಲಿರುವ ಅಲ್ಪಸ್ಮೃತಿಯ ಯಂತ್ರಗಳಿಗೆ ಅದು ಭಾರವಾಗುತ್ತದೆ.

ಡೆಬಿಯನ್ 11 ಮತ್ತು 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಇವೆರಡನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ತಾಳೆಗರಿಯ ಒಂದೇ ಕಟ್ಟಿನಲ್ಲಿ ಹಲವು ಕೃತಿಗಳಿರುವಂತೆ ಒಂದೇ ಡಿಸ್ಕಿನಲ್ಲಿ ಹಲವು ವಿಭಾಗಗಳಿರುತ್ತವೆ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟುಗಳಲ್ಲಿ ವಿಭಾಗಪಟ್ಟಿಗೆ ಮೀಸಲಾದದ್ದು 64 ಬೈಟು ಮಾತ್ರ. ಆದ್ದರಿಂದ ಪ್ರಧಾನ ವಿಭಾಗಗಳು ನಾಲ್ಕನ್ನು ಮೀರುವಂತಿರಲಿಲ್ಲ. ಈಗಿನ ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ವಿಭಾಗಗಳಿಗೆ ಅವಕಾಶವಿದೆ. 500 ಜಿಬಿ ಡಿಸ್ಕಿನಲ್ಲಿ ಆರಂಭಿಕ ಇಎಫ್ಐ ವಿಭಾಗಕ್ಕೆ ಅರ್ಧ ಜಿಬಿ, ಎರಡು ವ್ಯವಸ್ಥೆಗಳಿಗೆ ತಲಾ 40 ಜಿಬಿ, ಸ್ವಾಪ್‌ಗೆ 8 ಜಿಬಿ ಕೊಟ್ಟು, ಉಳಿದುದೆಲ್ಲವನ್ನೂ ಪಠ್ಯಗಳಿಗೇ ಪ್ರತ್ಯೇಕವಾಗಿ ಬಿಡುವುದು ಯುಕ್ತ. ಸ್ಥಾಪನೆಯ ವೇಳೆ 'ಇಡೀ ಡಿಸ್ಕನ್ನು ಬಳಸು' ಎಂಬ ಆಯ್ಕೆಯನ್ನು ಒಪ್ಪಿದರೆ ಅದರಲ್ಲಿರುವ ಸರ್ವಸ್ವವೂ ಅಳಿಯುತ್ತದೆ. ವಿಭಾಗಗಳನ್ನು ಕೈಯಾರೆ ಗೊತ್ತುಪಡಿಸುವ ಆಯ್ಕೆಯನ್ನೇ ಹಿಡಿಯಬೇಕು. ಅದಕ್ಕೂ ಮೊದಲು ಪಠ್ಯಗಳ ಪ್ರತಿಯೊಂದು ಬೇರೊಂದು ಡಿಸ್ಕಿನಲ್ಲಿರಬೇಕು.

ಮೊದಲು ಹಳೆಯದು, ಬಳಿಕ ಹೊಸದು ಎಂಬುದು ಸ್ಥಾಪನೆಯ ಕ್ರಮ. ಇದಕ್ಕೆ ಎರಡು ಕಾರಣಗಳಿವೆ. ಪಠ್ಯವಿಭಾಗವನ್ನು ಎಕ್ಸ್ಟ್4 ಮಾದರಿಯಲ್ಲಿ ರಚಿಸುತ್ತೇವೆ. ಈ ಮಾದರಿಯನ್ನು ನಿರ್ಮಿಸುವ, ತಪಾಸಿಸುವ ಉಪಕರಣಗಳ 2023ರ ಆವೃತ್ತಿಯಲ್ಲಿ ಕೆಲವು ಹೊಸ ಲಕ್ಷಣಗಳು ಸೇರಿದುವು. ಹೊಸ ವ್ಯವಸ್ಥೆಯಿಂದ ರಚಿಸಿದ ವಿಭಾಗವನ್ನು ಹಳೆಯದರ ತಪಾಸಣಾ ಉಪಕರಣವು ತನಗೆ ಪರಿಚಿತವಲ್ಲವೆಂದು ನಿರಾಕರಿಸಬಹುದು. ಹಳೆಯದು ರಚಿಸಿದುದನ್ನಾದರೋ ಹೊಸದು ತೊಡಕಿಲ್ಲದೆ ಬಳಸುತ್ತದೆ.

ಎರಡನೆಯ ಕಾರಣ ಗ್ರಬ್‌ಗೆ ಸಂಬಂಧಿಸಿದ್ದು. ಯಂತ್ರ ಆರಂಭವಾದೊಡನೆ ಆಯ್ಕೆಯ ಪಟ್ಟಿಯನ್ನು ಮುಂದಿಡುವ ತಂತ್ರಾಂಶವಿದು. ಡೆಬಿಯನ್ನಿನ ಎರಡೂ ಆವೃತ್ತಿಗಳು ಇಎಫ್ಐ ವಿಭಾಗದಲ್ಲಿ 'ಡೆಬಿಯನ್' ಎಂಬ ಒಂದೇ ಹೆಸರಿನ ಕಡತಕೋಶದಲ್ಲಿ ಗ್ರಬ್ಬನ್ನು ಇರಿಸುತ್ತವೆ. ಕೊನೆಗೆ ಬರೆದುದೇ ಉಳಿಯುತ್ತದೆ. ಆರಂಭದ ಒಡೆತನ ಹೊಸದಕ್ಕೆ ಸಲ್ಲುವುದು ಲೇಸಾದ್ದರಿಂದ ಅದನ್ನು ಕೊನೆಗೆ ಸ್ಥಾಪಿಸುತ್ತೇವೆ. ಆದರೆ ಮುಂದೆ ಹಳೆಯದರಲ್ಲಿ ಗ್ರಬ್ ಪರಿಷ್ಕರಣೆಗೊಂಡರೆ ಒಡೆತನ ಸದ್ದಿಲ್ಲದೆ ಅದರ ಕೈಗೆ ಮರಳೀತು. ಆದ್ದರಿಂದ ಹಳೆಯದರಲ್ಲಿ ಗ್ರಬ್ಬಿನ ಪರಿಷ್ಕರಣೆಯನ್ನು ತಡೆಹಿಡಿಯಬೇಕು. ಕೈತಪ್ಪಿದರೂ ಪಠ್ಯಗಳಿಗೆ ಬಾಧೆಯಿಲ್ಲ. ಹೊಸ ವ್ಯವಸ್ಥೆಯನ್ನು ಹೇಗಾದರೂ ತೆರೆದು ಗ್ರಬ್ಬನ್ನು ಮರುಸ್ಥಾಪಿಸಿದರೆ ಸಾಕು.

ಇಷ್ಟಾದರೂ ಪಟ್ಟಿಯಲ್ಲಿ ಹಳೆಯದರ ಹೆಸರೇ ಕಾಣದಿರುವುದುಂಟು. ಡಿಸ್ಕಿನಲ್ಲಿರುವ ಇತರ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ಎಂಬ ಅಂಗವನ್ನು 2021ರ ಗ್ರಬ್ 2.06ರಿಂದ ಭದ್ರತೆಯ ದೃಷ್ಟಿಯಿಂದ ಮೂಲಸಿದ್ಧತೆಯಲ್ಲಿಯೇ ನಿಲ್ಲಿಸಲಾಗಿದೆ. ಗ್ರಬ್ಬಿನ ಸಿದ್ಧತಾ ಕಡತದಲ್ಲಿ ಆ ತಡೆಯನ್ನು ತೆಗೆದು, 'ಅಪ್‌ಡೇಟ್-ಗ್ರಬ್' ಆಜ್ಞೆಯನ್ನು ನೀಡಬೇಕು. ಹಳೆಯದರಲ್ಲಿ ಕರ್ನಲ್ ಬದಲಾದಾಗಲೂ ಹೊಸದನ್ನು ತೆರೆದು ಇದೇ ಆಜ್ಞೆಯನ್ನು ಕೊಡಬೇಕು; ಒಂದರಲ್ಲಾದ ಬದಲಾವಣೆ ಇನ್ನೊಂದಕ್ಕೆ ತಾನಾಗಿ ತಿಳಿಯುವುದಿಲ್ಲ.

ಇನ್ನು ಎರಡಕ್ಕೂ ಸಮಾನವಾಗಿ ಇರಬೇಕಾದುದು ಯಾವುದು? ಪಠ್ಯವಿಭಾಗ ಮತ್ತು ಸ್ವಾಪ್ ಮಾತ್ರ. ಬಳಕೆದಾರನ ಹೋಮ್ ಕೋಶವನ್ನು ಹಂಚಿಕೊಳ್ಳುವ ಸಲಹೆಯನ್ನು ಹಲವರು ಕೊಡುತ್ತಾರೆ. ನನಗೆ ಅದು ಸಮ್ಮತವಲ್ಲ. ಹೊಸ ಲಿಬ್ರೆಆಫೀಸ್ ಬರೆದಿಟ್ಟ ಸಿದ್ಧತೆಗಳನ್ನು ಹಳೆಯದು ಓದಹೊರಟರೆ ಗೊಂದಲವಾಗುವ ಸಂಭವವಿದೆ. ಮಿಗಿಲಾಗಿ ಫಾಂಟಿನ ಆಯ್ಕೆಗಳೂ ಬೆರೆತು, ನಾವು ಮಾಡಹೊರಟ ಹೋಲಿಕೆಯೇ ಕೆಡುತ್ತದೆ. ಎರಡೂ ಕಡೆ ಬಳಕೆದಾರನ ಹೆಸರಿಗಿಂತ ಸಂಖ್ಯೆ ಒಂದೇ ಆಗಿರುವುದು ಮುಖ್ಯ. ಲಿನಕ್ಸ್ ಕಡತಗಳ ಒಡೆತನವನ್ನು ಗುರುತಿಸುವುದು ಸಂಖ್ಯೆಯಿಂದ. ಡೆಬಿಯನ್ನಿನಲ್ಲಿ ಮೊದಲ ಬಳಕೆದಾರನಿಗೆ ಸಾಮಾನ್ಯವಾಗಿ 1000 ದೊರೆಯುತ್ತದೆ. ಇದು ಬೇರೆಯಾದರೆ, ನಿನ್ನೆ ತಾನೇ ಬರೆದ ಕಡತವನ್ನು ಇಂದು ತಿದ್ದಲು ಅನುಮತಿಯಿಲ್ಲವೆಂಬ ಉತ್ತರ ಬರುತ್ತದೆ.

ಸ್ವಾಪ್ ವಿಷಯದಲ್ಲಿ ಎರಡು ಮಾತು. ಎರಡನೆಯ ಸ್ಥಾಪನೆಯಲ್ಲಿ ಅದನ್ನು ಮರಳಿ ಫಾರ್ಮ್ಯಾಟ್ ಮಾಡಿದರೆ ಅದರ ಗುರುತುಸಂಖ್ಯೆ ಬದಲಾಗುತ್ತದೆ. ಆಗ ಹಳೆಯ ವ್ಯವಸ್ಥೆ ಇಲ್ಲದ ವಿಭಾಗಕ್ಕಾಗಿ ಸುಮಾರು ಒಂದೂವರೆ ನಿಮಿಷ ಕಾದು ಅನಂತರ ತೆರೆದುಕೊಳ್ಳುತ್ತದೆ. ಯಂತ್ರ ಕೆಟ್ಟಿತೆಂದು ಭ್ರಮಿಸಬೇಕಾಗಿಲ್ಲ, ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಹೊಸ ಸಂಖ್ಯೆಯನ್ನು ಬರೆದರೆ ಸರಿಹೋಗುತ್ತದೆ. ಎರಡನೆಯದು ಹೆಚ್ಚು ಗಂಭೀರ. ಒಂದು ವ್ಯವಸ್ಥೆಯನ್ನು ಹೈಬರ್ನೇಟ್ ಮಾಡಿ, ಅಂದರೆ ಅದರ ಸ್ಥಿತಿಯನ್ನು ಸ್ವಾಪ್‌ನಲ್ಲಿರಿಸಿ, ಇನ್ನೊಂದನ್ನು ತೆರೆಯಬಾರದು. ಹಾಗೆ ಮಾಡಿದಾಗ ಪಠ್ಯವಿಭಾಗವು ಮೊದಲನೆಯದರ ನೆನಪಿನಲ್ಲಿ ಒಂದು ಸ್ಥಿತಿಯಲ್ಲಿಯೂ ಡಿಸ್ಕಿನಲ್ಲಿ ಇನ್ನೊಂದು ಸ್ಥಿತಿಯಲ್ಲಿಯೂ ಇದ್ದು, ಕಡತಗಳು ಕೆಡುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಯಂತ್ರವನ್ನು ಪೂರ್ಣವಾಗಿ ಮುಚ್ಚಿಯೇ ತೆರೆಯಬೇಕು.