ತುಂಟ ಹುಡುಗನ ವಿಷಯವಾಗಿ ತಂದೆತಾಯಿಗಳಿಗೆ ಒಂದು ಪಾಠ

ಮಗನನ್ನು ಶಾಲೆಗೆ ಸೇರಿಸುವ ದಿವಸ ನಮ್ಮ ಹಳ್ಳಿಗಳಲ್ಲಿ ಅನೇಕ ತಂದೆಗಳು, "ಮೇಷ್ಟ್ರೇ, ಇವನನ್ನು ನಿಮ್ಮ ಕೈಗೆ ಒಪ್ಪಿಸಿದ್ದೇನೆ, ತಪ್ಪುಮಾಡಿದರೆ ನಾಲ್ಕು ಬಿಗಿಯಿರಿ, ನಾನು ಕೇಳುವವನಲ್ಲ" ಎಂದು ಹೇಳಿ ಬರುವದುಂಟು. ಈ ಮಾತು ಹಗೆಯಿಂದ ಹುಟ್ಟಿದ್ದಲ್ಲ. ಮಗನು ತನ್ನಂತೆ ಕೂಲಿಗೆ ಹೋಗಬಾರದೆಂಬ ಆಶೆಯೇ ಅದರೊಳಗಿರುತ್ತದೆ. ದಂಡಂ ದಶಗುಣಂ ಎಂಬ ಮಾತೂ ಅದಕ್ಕೆ ಬೆಂಬಲವಾಗಿ ನಿಲ್ಲುತ್ತದೆ. ಆದರೆ ದಿನವೂ ಪೆಟ್ಟು ತಿನ್ನುವ ಹುಡುಗನು ಪಾಠಕ್ಕಿಂತ ಮುಂಚೆ ಶಾಲೆಯನ್ನು ತಪ್ಪಿಸಿಕೊಳ್ಳುವ ಉಪಾಯವನ್ನು ಕಲಿಯುತ್ತಾನೆ. ಮೊದಲು ಸೋಮವಾರದ ಹೊಟ್ಟೆನೋವು. ಆಮೇಲೆ ಪುಸ್ತಕದ ಚೀಲವನ್ನು ಬೇಲಿಯಲ್ಲಿ ಬಚ್ಚಿಟ್ಟು ಕೆರೆಯ ಏರಿಯ ಮೇಲೆ ಹೊತ್ತುಗಳೆಯುವದು. ಕಡೆಗೆ ಕೈಯಲ್ಲಿ ದನ ಕಾಯುವ ಕೋಲು. ಅವನ ಹೆಸರು ಹಾಜರಿ ಪುಸ್ತಕದಲ್ಲಿ ಕೆಲವು ತಿಂಗಳು ಉಳಿದಿರುತ್ತದೆ, ಅಷ್ಟೆ.

ಹಾಗಾದರೆ ತುಂಟತನವನ್ನು ಸಹಿಸಿಕೊಂಡಿರಬೇಕೋ? ಹಾಗಲ್ಲ. ಜ್ವರ ಬಂದವನನ್ನು ಮೈ ಬಿಸಿಯಾಯಿತೆಂದು ಯಾರೂ ಹೊಡೆಯುವದಿಲ್ಲ. ಜ್ವರವು ಯಾತರಿಂದ ಬಂತೆಂದು ವಿಚಾರಿಸುತ್ತೇವೆ. ಮಗುವಿನ ನಡತೆಯನ್ನೂ ಹಾಗೆಯೇ ವಿಚಾರಿಸತಕ್ಕದ್ದು.

ಮೊದಲು ಹೊಟ್ಟೆಯನ್ನು ನೋಡಿರಿ. ಬೆಳಿಗ್ಗೆ ಏನೂ ತಿನ್ನದೆ ಬಂದವನು ಹನ್ನೊಂದು ಗಂಟೆಗೆ ಪಕ್ಕದವನನ್ನು ಚಿವುಟಿದರೆ ಆಶ್ಚರ್ಯವೇನು? ಸರಕಾರಿ ಶಾಲೆಗಳಲ್ಲಿ ಬೇಯಿಸಿದ ಊಟವನ್ನು ಕೊಡಬೇಕೆಂದು 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಕರ್ನಾಟಕದಲ್ಲಿ ಅದು 2002ರಲ್ಲಿ ಅಕ್ಷರ ದಾಸೋಹವೆಂಬ ಹೆಸರಿನಿಂದ ಆರಂಭವಾಯಿತು. ಆದರೂ ಮಧ್ಯಾಹ್ನದ ಊಟವಿದೆಯೆಂದು ಬೆಳಗಿನ ರೊಟ್ಟಿಯನ್ನು ತಪ್ಪಿಸಬೇಡಿರಿ.

ಹಸಿವಿಗಿಂತಲೂ ಆಳವಾದ ಕಾರಣವೊಂದುಂಟು, ಅದು ನಾಚಿಕೆ. ಸುಗ್ಗಿಯ ಕೆಲಸಕ್ಕೆ ತಂದೆತಾಯಿಗಳ ಸಂಗಡ ಪರ ಊರಿಗೆ ಹೋಗಿ ಮೂರು ವಾರದ ಮೇಲೆ ಬಂದ ಹುಡುಗಿಗೆ ತರಗತಿಯು ಬಹು ದೂರ ಹೋಗಿಬಿಟ್ಟಿರುತ್ತದೆ. ಕರಿಹಲಗೆಯ ಮೇಲಿರುವದು ತಿಳಿಯದು. ತಿಳಿಯದೆಂದು ಹೇಳಲು ಬಾಯಿ ಬಾರದು. ಅಂಥವರಲ್ಲಿ ಒಬ್ಬಳು ಮೂಲೆಯಲ್ಲಿ ಮೌನವಾಗಿರುತ್ತಾಳೆ, ಇನ್ನೊಬ್ಬನು ಗಲಾಟೆಮಾಡಿ ತನಗೆ ತಿಳಿಯದ್ದನ್ನು ಮರೆಮಾಡುತ್ತಾನೆ. ದಡ್ಡನೆನ್ನಿಸಿಕೊಳ್ಳುವದಕ್ಕಿಂತ ಪೋಕರಿಯೆನ್ನಿಸಿಕೊಳ್ಳುವದು ಅವನಿಗೆ ಸುಲಭ.

ಇದಕ್ಕೆ ಒಂದು ಪರಿಹಾರವು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಶಾಲೆಗಳಲ್ಲಿ ದೊರಕಿತು. ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಕ್ರಮವನ್ನು ಮಾದರಿಯಾಗಿಟ್ಟುಕೊಂಡು, ಯುನಿಸೆಫ್ ಸಂಸ್ಥೆಯ ಸಹಾಯದಿಂದ, ಅಲ್ಲಿಯ ಉಪಾಧ್ಯಾಯರು ನಲಿ-ಕಲಿ ಎಂಬ ಪದ್ಧತಿಯನ್ನು ಕಟ್ಟಿದರು. ಪಾಠಗಳನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಪ್ರತಿಯೊಂದು ಮೆಟ್ಟಿಲಿಗೂ ಕಾರ್ಡುಗಳನ್ನು ಮಾಡಿ, ಕಲಿಕೆಯ ಏಣಿಯನ್ನು ಗೋಡೆಯ ಮೇಲೆ ತೂಗಹಾಕಿದರು. ಮಗುವು ತಾನಿರುವ ಮೆಟ್ಟಿಲನ್ನು ತಾನೇ ನೋಡಿಕೊಂಡು, ಕಾರ್ಡನ್ನು ತೆಗೆದು, ತನ್ನ ಗುಂಪಿನವರೊಂದಿಗೆ ನೆಲದ ಮೇಲೆ ಕೂಡುತ್ತದೆ. ಉಪಾಧ್ಯಾಯರೂ ಅಲ್ಲಿಯೇ ಕೂಡುತ್ತಾರೆ. ಮೂರು ವಾರ ಬಾರದಿದ್ದವಳು ತಾನು ಬಿಟ್ಟ ಮೆಟ್ಟಿಲಿನಿಂದಲೇ ಪುನಃ ಹತ್ತುತ್ತಾಳೆ. ಅವಳನ್ನು ನೋಡಿ ನಗುವವರಿಲ್ಲ, ಯಾಕಂದರೆ ಒಬ್ಬೊಬ್ಬರೂ ಒಂದೊಂದು ಮೆಟ್ಟಿಲಿನಲ್ಲಿದ್ದಾರೆ. 2009–10ನೆಯ ಸಾಲಿನಲ್ಲಿ ಈ ಪದ್ಧತಿಯು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ಹಬ್ಬಿತು. ಎಲ್ಲಾ ಊರುಗಳಲ್ಲಿಯೂ ಒಂದೇ ಸಮನಾಗಿ ನಡೆಯಿತೆಂದು ಹೇಳಲಾರೆವು. ಕಾರ್ಡುಗಳು ಹರಿದುಹೋದಲ್ಲಿ, ಉಪಾಧ್ಯಾಯರು ಸಾಲದಿದ್ದಲ್ಲಿ, ಏಣಿಯು ಗೋಡೆಯ ಅಲಂಕಾರವಾಗಿಯೇ ಉಳಿಯುತ್ತದೆ. "ಇದು ಆಟವೇ ಹೊರತು ಪಾಠವಲ್ಲ" ಎಂದು ಗೊಣಗುವ ತಂದೆಗಳೂ ಉಂಟು. ಅಂಥವರು ಒಂದು ದಿವಸ ಶಾಲೆಯ ಬಾಗಲಲ್ಲಿ ನಿಂತು ನೋಡಲಿ.

ಪೆಟ್ಟಿಲ್ಲದೆ ಗಲಾಟೆಯ ತರಗತಿಯನ್ನು ಆಳಲಾಗುವದೋ ಎಂದು ಸಂದೇಹಪಡುವವರು ಇದನ್ನೂ ಕೇಳಲಿ. ಅಮೇರಿಕದ ಕಾನ್ಸಾಸ್ ಪ್ರಾಂತದ ಪಂಡಿತರು 1969ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ನಾಲ್ಕನೆಯ ತರಗತಿಯ ಮಕ್ಕಳನ್ನು ಎರಡು ತಂಡಗಳಾಗಿ ಮಾಡಿದರು. ನಿಯಮಗಳನ್ನು ಮೊದಲೇ ತಿಳಿಸಿ, ಯಾವನಾದರೂ ಅಪ್ಪಣೆಯಿಲ್ಲದೆ ಎದ್ದರೆ ಅಥವಾ ಮಾತಾಡಿದರೆ ಅವನ ತಂಡದ ಹೆಸರಿಗೆ ಒಂದು ಗುರುತು ಹಾಕಿದರು. ಕಡಿಮೆ ಗುರುತುಗಳ ತಂಡಕ್ಕೆ ಜಯ. ಎರಡಕ್ಕೂ ಕಡಿಮೆಯಾದರೆ ಎರಡಕ್ಕೂ ಜಯ. ಬಹುಮಾನವೋ, ಊಟದ ಸಾಲಿನಲ್ಲಿ ಮುಂದೆ ನಿಲ್ಲುವದು ಮೊದಲಾದ ಕಾಸಿನ ಖರ್ಚಿಲ್ಲದ ಸಂಗತಿಗಳು. ಗಲಾಟೆಯು ಬಹಳ ಮಟ್ಟಿಗೆ ತಗ್ಗಿತು. ಆದರೆ ಸೋಲಿಗೆ ಕಾರಣನಾದವನ ಮೇಲೆ ಜೊತೆಯವರು ಸಿಟ್ಟು ತೀರಿಸದಂತೆ ಉಪಾಧ್ಯಾಯರು ಕಣ್ಣಿಟ್ಟಿರಬೇಕು.

ಇನ್ನು ಕಾನೂನಿನ ಮಾತು. 2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯ್ದೆಯು ತನ್ನ 17ನೆಯ ಕಲಮಿನಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದಕಾರಣ "ನಾಲ್ಕು ಬಿಗಿಯಿರಿ" ಎಂದು ತಂದೆಯು ಕೊಟ್ಟ ಅಪ್ಪಣೆಗೆ ಬೆಲೆಯಿಲ್ಲ. ಅದೇ ಕಾಯ್ದೆಯ ಪ್ರಕಾರ ಸರಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ತಂದೆತಾಯಿಗಳೂ ಪೋಷಕರೂ ಆಗಿರಬೇಕು, ಅರ್ಧ ಪಾಲು ಹೆಂಗಸರಿರಬೇಕು. ಹೀಗಿರಲಾಗಿ ತಾಯಂದಿರು ಸಭೆಗೆ ಹೋಗಿ ಬರೇ ಸಹಿ ಹಾಕಿ ಬಾರದೆ, ನನ್ನ ಮಗು ಈಗ ಯಾವ ಮೆಟ್ಟಿಲಿನಲ್ಲಿದೆ, ಯಾರ ಪಕ್ಕದಲ್ಲಿ ಕೂಡುತ್ತದೆ, ಈ ತಿಂಗಳು ಎಷ್ಟು ದಿವಸ ಬರಲಿಲ್ಲ ಎಂದು ಉಪಾಧ್ಯಾಯರನ್ನು ಕೇಳಿ ತಿಳಿದುಕೊಳ್ಳಲಿ.