ದರೋಜಿಯ ಕರಡಿಗಳನ್ನು ನೋಡಹೋಗುವವರಿಗೆ

ರಜೆ ದೊರೆತೊಡನೆ ಹಂಪಿಗೆ ಹೊರಡುವ ನಮ್ಮ ಕೋಡಿ, ಕುಂದಾಪುರ, ಬೈಂದೂರು ಕಡೆಯ ಕುಟುಂಬಗಳು, ಅಲ್ಲಿಂದ ಸುಮಾರು ಹದಿನೈದು ಕಿ.ಮೀ. ದೂರದ ದರೋಜಿ ಕರಡಿಧಾಮವನ್ನು ಹಂಪಿಯದೇ ಒಂದು ಅನುಬಂಧವೆಂದು ಎಣಿಸಿ, ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನೋಡಿ ಮುಗಿಸಿದ ಮೇಲೆ ಸಂಜೆ ಐದು ದಾಟಿದ ಹೊತ್ತಿಗೆ ಅಲ್ಲಿಗೆ ಧಾವಿಸಿ, ಏನನ್ನೂ ಕಾಣದೆ ಹಿಂತಿರುಗಿ, 'ಅಲ್ಲಿ ಕಾಡೂ ಇಲ್ಲ, ಕರಡಿಯೂ ಇಲ್ಲ' ಎಂದು ನುಡಿಯುವುದನ್ನು ನಾನು ಎಷ್ಟೋ ಸಲ ಕೇಳಿ ವ್ಯಥೆಪಟ್ಟಿದ್ದೇನೆ. ಎರಡೂ ಇವೆ.

ಕಾಡೆಂದರೆ ಕೊಲ್ಲೂರಿನ ಮೂಕಾಂಬಿಕಾ ಅಭಯಾರಣ್ಯದ ದಟ್ಟ ನೆರಳೆಂದು ತಿಳಿದ ನಮ್ಮ ಕಣ್ಣಿಗೆ ಆ ಬಂಡೆಗಾಡು ಬರಿಯ ಬೆಂಗಾಡಾಗಿ ತೋರುವುದು ಸಹಜವೇ. ಭೂಗರ್ಭದಲ್ಲಿ ಬಿರುಕುಬಿಟ್ಟ ಗ್ರಾನೈಟಿನ ಅಂಚುಗಳನ್ನು ನೀರು ಯುಗಯುಗಾಂತರಗಳಲ್ಲಿ ಸವೆಸಿ, ಮೇಲಣ ಮಣ್ಣು ಕೊಚ್ಚಿಹೋಗಲು, ಉಳಿದ ದುಂಡುಗಲ್ಲುಗಳು ಒಂದರ ಮೇಲೊಂದು ನಿಂತಿವೆ. ಅವುಗಳ ನಡುವಣ ಪೊಟರೆಗಳೇ ಕರಡಿಯ ಗುಹೆಗಳು. ಕವಳಿ, ಬೋರೆ, ಜಾನೆ ಹಣ್ಣುಗಳೂ ಹುತ್ತದ ಗೆದ್ದಲುಗಳೂ ಅದರ ಆಹಾರ. ಮೇಲ್ದವಡೆಯ ನಡುವಣ ಎರಡು ಹಲ್ಲುಗಳಿಲ್ಲದ ಸಂದಿನಿಂದ ಗೆದ್ದಲನ್ನು ಹೀರುವ ಈ ಪ್ರಾಣಿಗಾಗಿಯೇ ಬಿಳಿಕಲ್ಲು ಮೀಸಲು ಅರಣ್ಯ 1994ರಲ್ಲಿ ಕರಡಿಧಾಮವಾಯಿತು.

ಕಾಲವನ್ನು ಮೊದಲು ಗೊತ್ತುಮಾಡಿಕೊಳ್ಳಿರಿ. ಕೋಟೇಶ್ವರದ ಕೊಡಿ ಹಬ್ಬ ಮುಗಿದಲ್ಲಿಂದ ಶಿವರಾತ್ರಿಯವರೆಗೆ ಪ್ರಶಸ್ತ. ಬೇಸಿಗೆಯಲ್ಲಿ ಎಳೆಯ ಮಕ್ಕಳನ್ನು ಕರೆದೊಯ್ಯುವುದು ನನಗೆ ಒಪ್ಪಿಗೆಯಿಲ್ಲ. ದಾರಿ ಹೊಸಂಗಡಿ, ಬಾಳೆಬರೆ ಘಾಟಿ, ತೀರ್ಥಹಳ್ಳಿ, ಶಿವಮೊಗ್ಗ, ಹರಿಹರ, ಹರಪನಹಳ್ಳಿಯ ಮೇಲಾಗಿ ಹೊಸಪೇಟೆಗೆ; ಮುನ್ನೂರು ಕಿ.ಮೀ. ಮೀರಿದ ಈ ಪ್ರಯಾಣವನ್ನು ಮುಗಿಸಿದ ದಿನವೇ ಕರಡಿ ನೋಡುವ ಹಂಬಲ ಬೇಡ. ಹೊಸಪೇಟೆಯಲ್ಲೋ ಕಮಲಾಪುರದಲ್ಲೋ ತಂಗಿ, ಮರುದಿನದ ಇಡಿಯ ಅಪರಾಹ್ನವನ್ನು ಇದಕ್ಕೆಂದೇ ತೆಗೆದಿಡಿ. ಹಂಪಿ ಬೆಳಗ್ಗೆ ಆಗಲಿ.

ಈಗ ಮುಖ್ಯ ಮಾತು. ವೀಕ್ಷಣಾ ಗೋಪುರದಲ್ಲಿ ನೀವು ಮೂರು ಗಂಟೆಯ ಹೊತ್ತಿಗೆ ಕುಳಿತಿರಲೇಬೇಕು. ಎದುರಿನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಅರಣ್ಯ ಸಿಬ್ಬಂದಿ ಬೆಲ್ಲದ ಪಾಕ ಸವರುವ ಪದ್ಧತಿಯುಂಟು. ಇಳಿಬಿಸಿಲಿಗೆ ಕರಡಿಗಳು ಗುಹೆಗಳಿಂದ ಹೊರಟು ಅದನ್ನು ನೆಕ್ಕಲು ಬರುತ್ತವೆ. ಆದರೆ ಬೇಗ ಹೋಗಿರೆಂದು ನಾನು ಒತ್ತಾಯಿಸುವುದಕ್ಕೆ ಕಾರಣ ಕರಡಿಗಿಂತ ಹೆಚ್ಚಾಗಿ ನಿಮ್ಮ ಕಣ್ಣು. ಕರಡಿ ಕಪ್ಪು, ಎರಡು ಬಂಡೆಗಳ ನಡುವಣ ನೆರಳೂ ಕಪ್ಪು. ಆ ಗುಡ್ಡದ ಒಂದೊಂದು ನೆರಳಿನ ಆಕಾರವನ್ನೂ ಅರ್ಧ ಗಂಟೆ ಸುಮ್ಮನೆ ನೋಡಿ ಮನನ ಮಾಡಿಕೊಂಡವನಿಗೆ, ಮೊದಲಿಲ್ಲದ ಒಂದು ಕಪ್ಪು ಹೊಸದಾಗಿ ಮೂಡಿದಾಗ ತಟ್ಟನೆ ತಿಳಿಯುತ್ತದೆ; ಆಗಷ್ಟೇ ಏರಿಬಂದವನಿಗೆ ಎಲ್ಲವೂ ನೆರಳೇ. ಒಮ್ಮೆ ನನ್ನ ಪಕ್ಕಕ್ಕೆ ಏದುಸಿರಿನಿಂದ ಬಂದು ನಿಂತ ನಮ್ಮೂರ ಕಡೆಯವರೊಬ್ಬರು, 'ಕರಡಿ ಎಲ್ಲಿತ್ತ್ ಮರ್ರೆ?' ಎಂದು ಗಟ್ಟಿಯಾಗಿ ಕೇಳಿದರು. ಆ ಕ್ಷಣದಲ್ಲಿ ಎದುರಿನ ಬಂಡೆಯ ಓರೆಯಲ್ಲಿ ತಾಯಿಯೊಂದು ಇಳಿಯುತ್ತಿತ್ತು. ಅದರ ಬೆನ್ನಿನ ಒರಟು ರೋಮವನ್ನು ಕಚ್ಚಿ ಹಿಡಿದಂತೆ ಮುಖವನ್ನು ಹುದುಗಿಸಿದ್ದ ಮರಿ, ತಾಯಿ ಹೆಜ್ಜೆಯಿಟ್ಟಾಗಲೆಲ್ಲ ಪಕ್ಕಕ್ಕೆ ಜಾರಿ, ಮತ್ತೆ ಮೇಲಕ್ಕೇರುತ್ತಿತ್ತು. ನಾನು ಬೆರಳು ತೋರಿಸುವಷ್ಟರಲ್ಲಿ ಎರಡೂ ಬಂಡೆಯ ಹಿಂದಕ್ಕೆ ಸರಿದವು, ಮತ್ತೆ ಬೆಳಕಿರಲಿಲ್ಲ. ಮುನ್ನೂರು ಕಿ.ಮೀ. ಬಂದು ಅರ್ಧ ಗಂಟೆಗಾಗಿ ಅದನ್ನು ಕಳೆದುಕೊಳ್ಳಬೇಡಿರಿ. ದುರ್ಬೀನು ಅವಶ್ಯ, ಗೋಪುರದಿಂದ ಗುಡ್ಡ ಸಾಕಷ್ಟು ದೂರವಿದೆ. ಕಾಯುವಾಗ ನವಿಲು, ಮುಂಗುಸಿಗಳೂ ಕಾಣಸಿಗುತ್ತವೆ.

ನೀರಿನ ವಿಷಯದಲ್ಲಿಯೂ ಕರಾವಳಿಯವರು ಮೋಸಹೋಗುತ್ತಾರೆ. ಕೋಡಿಯ ಕಡಲದಂಡೆಯಲ್ಲಿ ಬೆವರು ಧಾರೆಯಾಗಿ ಇಳಿದು, ನೀರು ಕುಡಿಯೆಂದು ತಾನೇ ನೆನಪಿಸುತ್ತದೆ; ದರೋಜಿಯ ಒಣಗಾಳಿಯಲ್ಲಿ ಬೆವರು ಹುಟ್ಟಿದಲ್ಲಿಯೇ ಆರುವುದರಿಂದ ಮೈ ಬತ್ತಿದ್ದು ತಲೆನೋವು ಬಂದ ಮೇಲೆಯೇ ತಿಳಿಯುವುದು. ತಲೆಗೊಂದು ಟೊಪ್ಪಿ, ತಲಾ ಎರಡು ಲೀಟರ್ ನೀರು.

ಇನ್ನುಳಿದುದು ಸಂಕ್ಷೇಪವಾಗಿ: ವಾಹನವಿಲ್ಲದವರು ಕಮಲಾಪುರದಿಂದ ಹೋಗಿಬರುವ ಆಟೋವನ್ನು ಮೊದಲೇ ಗೊತ್ತುಮಾಡಿರಿ. ಹೊರಡುವ ಮುನ್ನ ಅರಣ್ಯ ಇಲಾಖೆಯಲ್ಲಿ ಆ ದಿನದ ವೇಳೆಯನ್ನೂ ಶುಲ್ಕವನ್ನೂ ವಿಚಾರಿಸಿರಿ. ದಾರಿಯಲ್ಲಿ ವಾಹನದಿಂದ ಇಳಿಯಲೇಬೇಡಿ. ಹಠಾತ್ತನೆ ಎದುರಾದ ಕರಡಿ ಮುಖಕ್ಕೇ ಎರಗುವುದುಂಟು. ತಿಂಡಿಯ ಪೊಟ್ಟಣ ಗೋಪುರಕ್ಕೆ ಬೇಡ. ಸಂಜೆ ಆರಕ್ಕೆ ಹೊರಟುಬನ್ನಿ.